ಪ್ಯಾಥಾಲಜಿ ರಿಪೋರ್ಟ್ ಮೊಬೈಲ್‌ಗೆ ಬಂದಿದೆ, ಡಾಕ್ಟರ್ ಸಿಗುವುದು ಮುಂದಿನ ವಾರ. ಹೇಗೆ ಓದುವುದು?

ಮಳೆಬಿಲ್ಲು:
ಚಿಕ್ಕಮ್ಮನಿಗೆ ಸ್ತನದ ಗಡ್ಡೆ ಆಪರೇಷನ್ ಆಗಿದೆ. ರಿಪೋರ್ಟ್ ನಿನ್ನೆ ರಾತ್ರಿ ಬಂತು. ಅದನ್ನು ಇಟ್ಟುಕೊಂಡು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಿದ್ದಾರೆ. ಮುಖ್ಯವಾಗಿ ಇರುವುದು ಇಷ್ಟು:

ಇನ್ವೇಸಿವ್ ಡಕ್ಟಲ್ ಕಾರ್ಸಿನೋಮ, ಗ್ರೇಡ್ 2. ಗಡ್ಡೆ 2.3 ಸೆಂ.ಮೀ. ಮಾರ್ಜಿನ್ ನೆಗೆಟಿವ್. ಲಿಂಫ್ ನೋಡ್ 1/12. ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್. ಹರ್2 ಈಕ್ವಿವೋಕಲ್, 2+. ಪಿಟಿ2 ಪಿಎನ್1ಎ.

ಭಾವ ಹೇಳುವುದು, "ಎರಡು ಕಡೆ ಪಾಸಿಟಿವ್ ಇದೆ, ಅಂದರೆ ರೋಗ ಪೂರ್ತಿ ಹೋಗಿಲ್ಲ." ತಮ್ಮ ಗ್ರೇಡ್ 2 ಅಂದರೆ ಎರಡನೇ ಸ್ಟೇಜ್ ಅಂತಾನೆ. ಚಿಕ್ಕಮ್ಮ "ಏನು ಬರೆದಿದ್ದಾರೆ, ನನಗೆ ಸರಿಯಾಗಿ ಹೇಳು" ಅಂತ ಕೂತಿದ್ದಾರೆ. ಚಿಕಿತ್ಸೆ ಏನು ಅಂತ ನಾನು ಕೇಳುತ್ತಿಲ್ಲ. ಈ ಕಾಗದ ಏನು ಹೇಳುತ್ತಿದೆ ಅನ್ನುವುದಷ್ಟೇ ಬೇಕು.

ಗಾಜುಪಟ್ಟಿ:
ನಾನು ಪೆಥಾಲಜಿಸ್ಟ್, ಅಂದರೆ ತೆಗೆದ ತುಂಡನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಇಂಥ ರಿಪೋರ್ಟ್ ಬರೆಯುವ ಡಾಕ್ಟರ್. ಸ್ಲೈಡ್ ನೋಡದೆ ನಿಮ್ಮ ಚಿಕ್ಕಮ್ಮನ ಬಗ್ಗೆ ತೀರ್ಪು ಕೊಡುವುದಿಲ್ಲ. ಆದರೆ ಸಾಲುಗಳನ್ನು ಬಿಡಿಸಿ ಹೇಳಬಹುದು.

ಮೊದಲು ಓದಬೇಕಾದ್ದು 'ಡಯಾಗ್ನೋಸಿಸ್' ಅಥವಾ 'ಇಂಪ್ರೆಷನ್' ಅಂತ ಇರುವ ಭಾಗ. ಅದು ಮೇಲೇ ಇರಬಹುದು, ಕೊನೆಯಲ್ಲೂ ಇರಬಹುದು. ನಿಮ್ಮಲ್ಲಿರುವ 'ಇನ್ವೇಸಿವ್ ಡಕ್ಟಲ್ ಕಾರ್ಸಿನೋಮ' ಅಂದರೆ ಸ್ತನದ ಹಾಲಿನ ನಾಳದಲ್ಲಿ ಹುಟ್ಟಿ ಅದರ ಗೋಡೆ ದಾಟಿದ ಕ್ಯಾನ್ಸರ್. ಆಮೇಲೆ 'ಕಾಮೆಂಟ್' ಇದ್ದರೆ ಅದು. ಇವೆರಡನ್ನು ಓದಿದ ಮೇಲೆ ಉಳಿದದ್ದು. ಬಹಳ ಜನ 'ಗ್ರಾಸ್' ಭಾಗದಲ್ಲೇ ಸಿಕ್ಕಿಬೀಳುತ್ತಾರೆ. ಅದು ಬರಿಗಣ್ಣಿಗೆ ಕಂಡದ್ದರ ವಿವರ: ಬಣ್ಣ, ಅಳತೆ, ಎಲ್ಲೆಲ್ಲಿಂದ ತುಂಡು ತೆಗೆದೆವು ಅನ್ನುವುದು. ಅಲ್ಲಿ '11 × 8 × 4 ಸೆಂ.ಮೀ.' ಅಂತ ಕಂಡರೆ ಅದು ಸರ್ಜನ್ ತೆಗೆದ ಇಡೀ ಭಾಗದ ಅಳತೆ. ಗಡ್ಡೆಯ ಅಳತೆ ಬೇರೆ ಸಾಲಿನಲ್ಲಿ ಇರುತ್ತದೆ. ನಿಮ್ಮಲ್ಲಿ ಅದು 2.3.

ಈಗ ಪಾಸಿಟಿವ್, ನೆಗೆಟಿವ್. ರಿಪೋರ್ಟ್‌ನ ಪ್ರತಿ ಸಾಲೂ ಒಂದು ಪ್ರಶ್ನೆಗೆ ಉತ್ತರ. ಪ್ರಶ್ನೆ ಯಾವುದು ಅಂತ ತಿಳಿಯದೆ ಉತ್ತರ ಮಾತ್ರ ಓದಿದರೆ ನಿಮ್ಮ ಭಾವನವರ ಹಾಗೆ ಅರ್ಥ ತಲೆಕೆಳಗಾಗುತ್ತದೆ.

'ಮಾರ್ಜಿನ್' ಸಾಲಿನ ಪ್ರಶ್ನೆ: ತೆಗೆದ ಭಾಗದ ಅಂಚಿನವರೆಗೆ ಕ್ಯಾನ್ಸರ್ ಬಂದಿದೆಯಾ? ಸ್ಪೆಸಿಮನ್ (ತೆಗೆದ ಭಾಗ) ಬಂದ ತಕ್ಷಣ ನಾವು ಅದರ ಹೊರಮೈಗೆ ಬಣ್ಣದ ಇಂಕ್ ಹಚ್ಚುತ್ತೇವೆ. ಆಮೇಲೆ ಮೈಕ್ರೋಸ್ಕೋಪ್‌ನಲ್ಲಿ ಆ ಇಂಕ್ ಮೇಲೆ ಕ್ಯಾನ್ಸರ್ ಕಣ ಇದೆಯಾ ಅಂತ ಹುಡುಕುತ್ತೇವೆ. ಇಲ್ಲ ಅಂದರೆ ನೆಗೆಟಿವ್. ಇಲ್ಲಿ ನೆಗೆಟಿವ್ ಬೇಕಾಗಿರುವ ಉತ್ತರ.

'ಇಆರ್, ಪಿಆರ್' ಸಾಲಿನ ಪ್ರಶ್ನೆ: ಈ ಕ್ಯಾನ್ಸರ್ ಕಣಗಳು ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನು ಹಿಡಿಯುವ ರಿಸೆಪ್ಟರ್ ಇಟ್ಟುಕೊಂಡಿವೆಯಾ? ಇದು ತೆಗೆದ ಗಡ್ಡೆಯ ಸ್ವಭಾವದ ಮಾತು. ಮೈಯಲ್ಲಿ ಏನು ಉಳಿದಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪಾಸಿಟಿವ್ ಇದ್ದರೆ ಹಾರ್ಮೋನು ತಡೆಯುವ ಮಾತ್ರೆಗಳು ಕೆಲಸ ಮಾಡುವ ಸಾಧ್ಯತೆ ಇದೆ ಅಂತ ಅರ್ಥ. ಆಂಕಾಲಜಿಸ್ಟ್‌ಗೆ (ಕ್ಯಾನ್ಸರ್ ಡಾಕ್ಟರಿಗೆ) ಒಂದು ದಾರಿ ಜಾಸ್ತಿ ಸಿಕ್ಕಿತು ಅಂದುಕೊಳ್ಳಿ.

'ಲಿಂಫ್ ನೋಡ್ 1/12' ಅಂದರೆ ಕಂಕುಳಿಂದ ತೆಗೆದ 12 ಗ್ರಂಥಿ ನೋಡಿದೆವು, ಒಂದರಲ್ಲಿ ಕ್ಯಾನ್ಸರ್ ಇತ್ತು. ಇದನ್ನು ಡಿಸೆಂಬರ್ 1 ಅಂತ ತಾರೀಕಾಗಿ ಓದಿದವರನ್ನೂ ನೋಡಿದ್ದೇನೆ!

ಹರ್2 ಬಗ್ಗೆ ಆಮೇಲೆ ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಜಾಗ ಬೇಕು.

ಮಳೆಬಿಲ್ಲು:
ತುಂಬಾ ಥ್ಯಾಂಕ್ಸ್ ಮೇಡಂ (ಅಥವಾ ಸರ್?). ಭಾವನಿಗೆ ಫೋನ್ ಕೊಟ್ಟು ಓದಿಸಿದೆ. ಗ್ರೇಡ್, ಸ್ಟೇಜ್ ಬೇರೆ ಬೇರೆನಾ?

ಗಾಜುಪಟ್ಟಿ:
ಮೇಡಂ. ಹೌದು, ಬೇರೆಯೇ.

ಗ್ರೇಡ್ ಅಂದರೆ ಕಣಗಳ ಚಹರೆ. ಸ್ತನದ ಕ್ಯಾನ್ಸರ್‌ನಲ್ಲಿ ಮೂರು ವಿಷಯ ನೋಡುತ್ತೇವೆ. ಕಣಗಳು ಇನ್ನೂ ಕೊಳವೆಯ ಆಕಾರ ಕಟ್ಟುತ್ತಿವೆಯಾ, ನ್ಯೂಕ್ಲಿಯಸ್ ಎಷ್ಟು ವಿಕಾರವಾಗಿದೆ, ಎಷ್ಟು ಕಣ ಒಡೆದು ಎರಡಾಗುತ್ತಿವೆ. ಒಂದೊಂದಕ್ಕೂ 1ರಿಂದ 3 ಅಂಕ. ಕೂಡಿಸಿದಾಗ 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಆದರೆ ಗ್ರೇಡ್ 3. ಇದಕ್ಕೆ ನಾಟಿಂಗ್‌ಹ್ಯಾಮ್ ಪದ್ಧತಿ ಅಂತಾರೆ. ರಿಪೋರ್ಟ್‌ನಲ್ಲಿ '3+2+1=6' ಅಂತ ಇದ್ದರೆ ಅದು ಇದೇ ಲೆಕ್ಕ.

ಸ್ಟೇಜ್ ಅಂದರೆ ರೋಗ ಎಷ್ಟು ದೊಡ್ಡದು, ಎಲ್ಲಿಯವರೆಗೆ ಹೋಗಿದೆ. ನಿಮ್ಮ 'ಪಿಟಿ2 ಪಿಎನ್1ಎ' ಅದಕ್ಕೆ ಬೇಕಾದ ಸಾಮಗ್ರಿ. 'ಟಿ' ಗಡ್ಡೆಯದು. ಸ್ತನದಲ್ಲಿ 2 ಸೆಂ.ಮೀ. ದಾಟಿ 5ರ ಒಳಗಿದ್ದರೆ ಟಿ2. 'ಎನ್' ಲಿಂಫ್ ನೋಡ್‌ನದು. ಇವುಗಳ ಮೊದಲಿಗೆ ಇರುವ 'ಪಿ' ಅಂದರೆ ಸ್ಕ್ಯಾನ್ ನೋಡಿ ಅಂದಾಜು ಮಾಡಿದ್ದಲ್ಲ, ಮೈಕ್ರೋಸ್ಕೋಪ್‌ನಲ್ಲಿ ಕಂಡದ್ದು. ಎಲ್ಲಾದರೂ 'ಎಕ್ಸ್' ಇದ್ದರೆ ಹೆದರಬೇಡಿ, 'ಇದನ್ನು ಅಳೆಯಲು ನಮ್ಮ ಹತ್ತಿರ ಬಂದ ತುಂಡು ಸಾಲದು' ಅಂತ ಅಷ್ಟೇ.

ಕೊನೆಯ ಸ್ಟೇಜ್ ಸಂಖ್ಯೆಯನ್ನು ಮಾತ್ರ ಈ ಕಾಗದದಿಂದ ನೀವೇ ಕಟ್ಟಲು ಹೋಗಬೇಡಿ. ಬೇರೆ ಅಂಗಕ್ಕೆ ಹರಡಿದೆಯಾ ಅನ್ನುವುದು ನಮಗೆ ಗೊತ್ತಿರುವುದಿಲ್ಲ. ಅದು ಸ್ಕ್ಯಾನ್ ಹೇಳಬೇಕು. ಜೊತೆಗೆ 2018ರಿಂದ ಜಾರಿಯಲ್ಲಿರುವ ಎಜೆಸಿಸಿ (ಸ್ಟೇಜ್ ನಿಯಮ ಮಾಡುವ ಅಮೆರಿಕದ ಸಮಿತಿ) 8ನೇ ಆವೃತ್ತಿಯ ನಿಯಮದಲ್ಲಿ ಸ್ತನದ ಕ್ಯಾನ್ಸರ್‌ಗೆ ಗ್ರೇಡ್, ಇಆರ್, ಪಿಆರ್, ಹರ್2 ಎಲ್ಲವೂ ಸ್ಟೇಜ್ ಲೆಕ್ಕಕ್ಕೆ ಸೇರುತ್ತವೆ. ಒಂದೇ ಅಳತೆಯ ಗಡ್ಡೆ ಇರುವ ಇಬ್ಬರಿಗೆ ಬೇರೆ ಬೇರೆ ಸ್ಟೇಜ್ ಬರಬಹುದು.

ಒಗರುಮಾತು:
ನನ್ನ ಅಭಿಪ್ರಾಯ ಬೇರೆ. ಇದೆಲ್ಲಾ ರೋಗಿ ಯಾಕೆ ಓದಬೇಕು? ನಮ್ಮಪ್ಪ ರಿಪೋರ್ಟ್ ಓದಿ, ಒಂದೊಂದು ಪದವನ್ನೂ ನೆಟ್‌ನಲ್ಲಿ ಹುಡುಕಿ, ಡಾಕ್ಟರ್ ನೋಡುವ ಹೊತ್ತಿಗೆ ಅರ್ಧ ಇಳಿದುಹೋಗಿದ್ದರು. ಡಾಕ್ಟರ್ ಹೇಳಿದ್ದು ಐದೇ ನಿಮಿಷದ ಮಾತು, ಅದೂ ಒಳ್ಳೆಯ ಸುದ್ದಿ. ರಿಪೋರ್ಟ್ ಬರೆಯುವುದು ಡಾಕ್ಟರಿಗಾಗಿ. ಅವರೇ ಓದಲಿ.

ಪಾರಿಜಾತ:
ಒಗರುಮಾತು ಅವರೇ, ನಾನು ಕ್ಯಾನ್ಸರ್ ವಾರ್ಡ್‌ನಲ್ಲಿ ನರ್ಸ್. ನೀವು ಹೇಳುವುದು ಅರ್ಧ ಸರಿ. ರಿಪೋರ್ಟ್ ಬರೆಯುವುದು ಡಾಕ್ಟರಿಗಾಗಿಯೇ. ಆದರೆ ಅದು ಈಗ ಮೊದಲು ತಲುಪುವುದು ರೋಗಿಯ ಮೊಬೈಲ್‌ಗೆ. ಓದಬೇಡಿ ಅಂದರೆ ಯಾರು ಕೇಳುತ್ತಾರೆ? ಕೈಯಲ್ಲಿ ಇಟ್ಟುಕೊಂಡು ಓದದೇ ಇರುವುದು ನನ್ನಿಂದಲೂ ಆಗದು.

ನಾನು ಕಂಡ ತೊಂದರೆ ಓದುವುದರಲ್ಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಅದರಲ್ಲಿ ಹುಡುಕುವುದರಲ್ಲಿದೆ. ಇನ್ನೆಷ್ಟು ವರ್ಷ ಅನ್ನುವುದು ಅದರಲ್ಲಿಲ್ಲ. ಕಿಮೋ ಬೇಕಾ ಬೇಡವಾ ಅನ್ನುವುದೂ ಇಲ್ಲ. ಯಾಕೆ ಬಂತು, ಯಾರ ತಪ್ಪು, ಅದೂ ಇಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಗಾಬರಿ ಇಳಿಯುತ್ತದೆ.

ಮಳೆಬಿಲ್ಲು, ಚಿಕ್ಕಮ್ಮನಿಗೆ ಹೇಳುವ ಮುಂಚೆ ಅವರನ್ನೇ ಕೇಳಿ, ಎಷ್ಟು ತಿಳಿಯಬೇಕು ಅಂತ. ಕೆಲವರಿಗೆ ಪ್ರತಿ ಸಂಖ್ಯೆಯೂ ಬೇಕು. ಕೆಲವರಿಗೆ 'ಅಂಚು ಕ್ಲೀನ್ ಇದೆ, ಒಂದು ಪರೀಕ್ಷೆ ಬಾಕಿ ಇದೆ' ಅಂದರೆ ಸಾಕು. ಹೇಳಿದ ಮೇಲೆ, "ಈಗ ನಿಮಗೇನು ಅನ್ನಿಸಿತು, ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಅಂತ ಕೇಳಿ. ತಪ್ಪು ಅರ್ಥ ಎಲ್ಲಿ ಕೂತಿದೆ ಅಂತ ಆಗಲೇ ಗೊತ್ತಾಗುವುದು. 'ಅರ್ಥ ಆಯ್ತಾ' ಅಂತ ಕೇಳಿದರೆ ಎಲ್ಲರೂ 'ಆಯ್ತು' ಅಂತಲೇ ಅನ್ನುತ್ತಾರೆ.

ಒಗರುಮಾತು:
ಸರಿ, ಕೊನೆಯ ಮಾತು ಒಪ್ಪಿದೆ. ನಮ್ಮಪ್ಪ ಎಲ್ಲದಕ್ಕೂ 'ಆಯ್ತು' ಅಂದವರೇ.

ಗಾಜುಪಟ್ಟಿ:
ಹರ್2 ಬಾಕಿ ಇತ್ತಲ್ವಾ. ಇದು ಕೆಲವು ಕ್ಯಾನ್ಸರ್ ಕಣಗಳ ಮೈಮೇಲೆ ಜಾಸ್ತಿ ಇರುವ ಒಂದು ಪ್ರೋಟೀನ್. ಸ್ಲೈಡ್‌ಗೆ ಬಣ್ಣ ಹಾಕಿ ನೋಡುತ್ತೇವೆ. ಈ ಪರೀಕ್ಷೆಯೇ ಐಎಚ್‌ಸಿ. 0 ಅಥವಾ 1+ ಬಂದರೆ ನೆಗೆಟಿವ್. 3+ ಬಂದರೆ ಪಾಸಿಟಿವ್. 2+ ಅಂದರೆ ಬಣ್ಣ ನೋಡಿ ನಿರ್ಧರಿಸಲು ಆಗುತ್ತಿಲ್ಲ ಅಂತ. ಆಗ ಅದೇ ತುಂಡಿನ ಮೇಲೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿ ಜೀನ್‌ನ ಪ್ರತಿಗಳನ್ನೇ ಎಣಿಸುತ್ತಾರೆ. ಹಾಗಾಗಿ ನಿಮ್ಮ 'ಈಕ್ವಿವೋಕಲ್' ಸಾಲು ಇನ್ನೂ ಮುಗಿದಿಲ್ಲ. ಅದರ ಉತ್ತರ 'ಅಡೆಂಡಮ್' ಅಂತ ಬೇರೆ ಹಾಳೆಯಲ್ಲಿ ಬರುತ್ತದೆ. ಫಿಶ್‌ಗೆ ಕಳಿಸಿದ್ದಾರಾ ಅಂತ ಸರ್ಜನ್ ಹತ್ತಿರ ಕೇಳಿ. ನಿಮ್ಮ ಮೊದಲ ಪ್ರಶ್ನೆ ಅದೇ ಇರಲಿ.

ಹರ್2 ಪಾಸಿಟಿವ್ ಕೂಡ ಕಾಲಕ್ಕೆ ತಕ್ಕ ಹಾಗೆ ಅರ್ಥ ಬದಲಿಸಿದ ಉತ್ತರ. ಒಂದು ಕಾಲದಲ್ಲಿ ಅದು ಕೆಟ್ಟ ಸುದ್ದಿ ಮಾತ್ರ ಆಗಿತ್ತು. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿತು. ಅಲ್ಲಿಂದ ಆ ಪ್ರೋಟೀನ್‌ಗೇ ಗುರಿ ಇಡುವ ಔಷಧಗಳು ಬಂದವು. ಹಳೆಯ ಲೇಖನ ಓದಿ ಹೆದರುವವರು ಅದು ಯಾವ ವರ್ಷದ್ದು ಅಂತ ಮೊದಲು ನೋಡಲಿ.

ಸಂಜೆಗೆಂಪು:
ನನ್ನ ರಿಪೋರ್ಟ್‌ನಲ್ಲಿ ಇಆರ್ 8/8 ಅಂತ ಇತ್ತು. ರೋಗ ಎಂಟಕ್ಕೆ ಎಂಟು ಇದೆ ಅಂದುಕೊಂಡು ರಾತ್ರಿಯೆಲ್ಲಾ ಅತ್ತಿದ್ದೆ. ಇಲ್ಲಿ ಬರೆದದ್ದನ್ನು ಆಗ ಯಾರಾದರೂ ಹೇಳಿದ್ದರೆ!

ಗಾಜುಪಟ್ಟಿ:
ಅಯ್ಯೋ ಪಾಪ. ಅದು ಆಲ್‌ರೆಡ್ ಸ್ಕೋರ್. ಎಷ್ಟು ಪಾಲು ಕಣಗಳಿಗೆ ಬಣ್ಣ ಹಿಡಿಯಿತು ಅನ್ನುವುದಕ್ಕೆ 5ರವರೆಗೆ, ಬಣ್ಣ ಎಷ್ಟು ಗಾಢ ಅನ್ನುವುದಕ್ಕೆ 3ರವರೆಗೆ ಅಂಕ. ಕೂಡಿದರೆ ಗರಿಷ್ಠ 8. ಹಾರ್ಮೋನು ಚಿಕಿತ್ಸೆಗೆ ಇದಕ್ಕಿಂತ ಅನುಕೂಲದ ಅಂಕ ಇಲ್ಲ.

ನೆಟ್ಟಗೆರೆ:
ಇದೇ ಚರ್ಚೆಯಲ್ಲಿ ಕೇಳಬಹುದಾ? ಮಾವನಿಗೆ ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಗ್ಲೀಸನ್ 3+3=6 ಬಂದಿದೆ. ಹತ್ತಕ್ಕೆ ಆರು ಅಂದರೆ ಅರ್ಧಕ್ಕಿಂತ ಜಾಸ್ತಿ ಆಯಿತಲ್ಲ? ಡಾಕ್ಟರ್ ನೋಡಿದರೆ "ಸದ್ಯ ಆಪರೇಷನ್ ಬೇಡ, ಗಮನ ಇಟ್ಟು ನೋಡೋಣ" ಅಂತಾರೆ. ನಮಗೆ ಸಮಾಧಾನ ಇಲ್ಲ.

ಗಾಜುಪಟ್ಟಿ:
ಈ ಸ್ಕೋರ್‌ನಷ್ಟು ಜನರನ್ನು ದಾರಿ ತಪ್ಪಿಸಿದ್ದು ಇನ್ನೊಂದಿಲ್ಲ ಅಂತ ನನ್ನ ಭಾವನೆ. ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ಮಾಡಿದ ಪದ್ಧತಿ ಇದು. ಪ್ರಾಸ್ಟೇಟ್ ಗ್ರಂಥಿಗಳ ವಿನ್ಯಾಸಕ್ಕೆ 1ರಿಂದ 5 ಅಂಕ, ಅಂಕ ಏರಿದಷ್ಟೂ ವಿನ್ಯಾಸ ಹೆಚ್ಚು ಕೆಟ್ಟಿದೆ ಅಂತ. ಅತಿ ಹೆಚ್ಚು ಕಂಡ ವಿನ್ಯಾಸದ್ದು ಒಂದು, ಅದರ ನಂತರದ್ದು ಇನ್ನೊಂದು, ಎರಡನ್ನೂ ಕೂಡಿಸುವುದು. ಆದರೆ ಈಗ ಬಯಾಪ್ಸಿಯಲ್ಲಿ 1 ಮತ್ತು 2 ಕೊಡುವ ರೂಢಿಯೇ ಹೋಗಿದೆ. ಶುರುವಾಗುವುದೇ 3ರಿಂದ. ಅಂದರೆ ಕ್ಯಾನ್ಸರ್ ಅಂತ ಬರೆದ ಮೇಲೆ ಬರಬಹುದಾದ ಅತಿ ಕಡಿಮೆ ಮೊತ್ತವೇ 6!

ಈ ಗೊಂದಲಕ್ಕಾಗಿಯೇ 2014ರಲ್ಲಿ ತಜ್ಞರು ಸೇರಿ 'ಗ್ರೇಡ್ ಗ್ರೂಪ್' ಒಪ್ಪಿಕೊಂಡರು. 3+3 ಗ್ರೂಪ್ 1. 3+4 ಗ್ರೂಪ್ 2. 4+3 ಗ್ರೂಪ್ 3. ಎರಡರ ಮೊತ್ತವೂ 7, ಆದರೆ ಗ್ರೂಪ್ ಬೇರೆ, ಯಾಕೆಂದರೆ ಎರಡನೆಯದರಲ್ಲಿ 4ರ ಪಾಲು ಜಾಸ್ತಿ. ಮೊತ್ತ 8 ಆದರೆ ಗ್ರೂಪ್ 4. 9, 10 ಆದರೆ ಗ್ರೂಪ್ 5. ಮಾವನವರ ರಿಪೋರ್ಟ್‌ನಲ್ಲೇ ಎಲ್ಲೋ 'ಗ್ರೇಡ್ ಗ್ರೂಪ್ 1' ಅಂತ ಇರಬಹುದು, ನೋಡಿ. ಗಮನ ಇಟ್ಟು ನೋಡುವುದೂ ಒಂದು ಚಿಕಿತ್ಸಾ ಕ್ರಮವೇ. ಕಾಲಕಾಲಕ್ಕೆ ಪಿಎಸ್‌ಎ ಎಂಬ ರಕ್ತಪರೀಕ್ಷೆ, ಸ್ಕ್ಯಾನ್, ಬೇಕಾದರೆ ಮತ್ತೆ ಬಯಾಪ್ಸಿ ಮಾಡುತ್ತಾರೆ. ಎಷ್ಟು ಸೂಜಿ ತುಂಡುಗಳಲ್ಲಿ ಕ್ಯಾನ್ಸರ್ ಸಿಕ್ಕಿತು, ಪ್ರತಿ ತುಂಡಿನಲ್ಲಿ ಶೇಕಡಾ ಎಷ್ಟು ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳಿ ತಿಳಿದುಕೊಳ್ಳಿ.

ನೆಟ್ಟಗೆರೆ:
ಇದೆ ಮೇಡಂ! ಕೆಳಗೆ ಸಣ್ಣಕ್ಷರದಲ್ಲಿ ಗ್ರೂಪ್ 1 ಅಂತಲೇ ಇದೆ.

ಹೊಸಹೆಜ್ಜೆ:
ನನಗೂ ಸಂಖ್ಯೆಯ ಕಾಟ. ಥೈರಾಯ್ಡ್ ಗಂಟಿಗೆ ಸೂಜಿ ಹಾಕಿ ತೆಗೆದಿದ್ದರು. 'ಬೆಥೆಸ್ಡಾ 4' ಅಂತ ಬಂತು. ಅತ್ತಿಗೆ ಫೋನ್ ಮಾಡಿ "ನಾಲ್ಕನೇ ಸ್ಟೇಜಂತೆ" ಅಂತ ಊರಿಗೆಲ್ಲಾ ಹೇಳಿದ್ದಾರೆ.

ಗಾಜುಪಟ್ಟಿ:
ಅತ್ತಿಗೆಗೆ ಹೇಳಿ, ಬೆಥೆಸ್ಡಾದಲ್ಲಿ ಸ್ಟೇಜ್ ಅನ್ನುವುದೇ ಇಲ್ಲ. ಸೂಜಿಯಲ್ಲಿ ಬಂದ ಕಣಗಳನ್ನು ಹಾಕುವ 6 ಗುಂಪುಗಳು ಅವು. 2 ಅಂದರೆ ಬಿನೈನ್, ಕ್ಯಾನ್ಸರ್ ಅಲ್ಲದ್ದು. 3 ಮತ್ತು 4 ನಡುವಿನ ಅನುಮಾನದವು. 5 ಕ್ಯಾನ್ಸರ್ ಇರುವ ಬಲವಾದ ಅನುಮಾನ. 6 ಕ್ಯಾನ್ಸರ್. 4ರಲ್ಲಿ ಸಮಸ್ಯೆ ಏನು ಅಂದರೆ, ಆ ಗುಂಪಿಗೆ ಬರುವ ಫಾಲಿಕ್ಯುಲರ್ ಎಂಬ ಬಗೆಯ ಗಂಟು ತನ್ನ ಹೊರಪೊರೆ ದಾಟಿದೆಯಾ ಅಂತ ನೋಡಿದರೆ ಮಾತ್ರ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬಹುದು. ಸೂಜಿಯಲ್ಲಿ ಬರುವುದು ಬಿಡಿ ಕಣಗಳು. ಪೊರೆ ಅದರಲ್ಲಿ ಇರುವುದೇ ಇಲ್ಲ. ಹಾಗಾಗಿ ಎಷ್ಟೋ ಸಲ ಗಂಟು ಇರುವ ಭಾಗ ತೆಗೆದು ನೋಡಬೇಕಾಗುತ್ತದೆ. ತೆಗೆದ ಮೇಲೆ ಕ್ಯಾನ್ಸರ್ ಅಲ್ಲ ಅಂತ ಬರುವವರು ಬಹಳ.

ಜಾಸ್ತಿ ಎಚ್ಚರ ಬೇಕಾಗಿರುವುದು 1ಕ್ಕೆ. 1 ಅಂದರೆ ನಾನ್‌ಡಯಾಗ್ನೋಸ್ಟಿಕ್, ಕಣ ಸಾಕಷ್ಟು ಬಂದಿಲ್ಲ. 'ಒಂದೇ ತಾನೇ, ಏನೂ ಇಲ್ಲ' ಅಂತ ಮನೆಗೆ ಹೋಗಿ ಕೂರುವವರಿದ್ದಾರೆ. ಅವರಿಗೆ ಉತ್ತರವೇ ಸಿಕ್ಕಿಲ್ಲ.

ಹಾಗೇ ನೆನಪಾಯಿತು. 2016ರಲ್ಲಿ ಥೈರಾಯ್ಡ್‌ನ ಒಂದು ಬಗೆಯ ಗಡ್ಡೆಯ ಹೆಸರಿನಿಂದ ಕಾರ್ಸಿನೋಮ ಅನ್ನುವ ಪದವನ್ನೇ ತೆಗೆದುಹಾಕಿದರು. ಪೊರೆಯೊಳಗೇ ಇದ್ದು ಎಲ್ಲೂ ನುಗ್ಗದ ಗಡ್ಡೆ ಅದು. ಈಗ ಅದಕ್ಕೆ ನಿಫ್ಟ್‌ಪಿ ಅಂತಾರೆ. ಹಳೆಯ ರಿಪೋರ್ಟ್ ಇರುವವರು ಹೊಸ ಹೆಸರು ಕೇಳಿ ಗಾಬರಿಯಾದರೆ ಇದೂ ಕಾರಣ ಇರಬಹುದು.

ಕಾಡುಸಂಪಿಗೆ:
ಹೆಸರಿನ ಕೊನೆಗೆ 'ಓಮ' ಬಂದರೆ ಕ್ಯಾನ್ಸರ್ ಅಂತಾರೆ, ನಿಜನಾ? ಅಕ್ಕನಿಗೆ ಲಿಯೋಮಯೋಮ ಅಂತ ಬಂದಿದೆ.

ಪಾರಿಜಾತ:
ನಿಜ ಅಲ್ಲ. ಲಿಯೋಮಯೋಮ ಅಂದರೆ ಗರ್ಭಕೋಶದ ಫೈಬ್ರಾಯ್ಡ್, ಕ್ಯಾನ್ಸರ್ ಅಲ್ಲ. ಲೈಪೋಮ, ಫೈಬ್ರೋಅಡಿನೋಮ ಕೂಡ ಅಲ್ಲ. ಕಾರ್ಸಿನೋಮ, ಸಾರ್ಕೋಮ, ಲಿಂಫೋಮ, ಮೆಲನೋಮ ಕ್ಯಾನ್ಸರ್. 'ಓಮ' ನೋಡಿ ಊಹಿಸಬೇಡಿ, ಪೂರ್ತಿ ಹೆಸರು ಓದಿ.

ಕಾಡುಸಂಪಿಗೆ:
ಮತ್ತೆ 'ಇನ್ ಸಿಟು'?

ಪಾರಿಜಾತ:
ಕಣ ಬದಲಾಗಿದೆ, ಆದರೆ ಹುಟ್ಟಿದ ಪದರ ದಾಟಿಲ್ಲ. ದಾಟಿದ್ದರೆ 'ಇನ್ವೇಸಿವ್' ಅಂತ ಇರುತ್ತದೆ. ಈ ಎರಡು ಪದಗಳ ನಡುವೆ ದೊಡ್ಡ ಅಂತರ ಇದೆ.

ತಂಗಾಳಿ:
ನಮ್ಮದು ವಿಚಿತ್ರ. ತಂಗಿಗೆ ಆರು ತಿಂಗಳು ಕಿಮೋ ಕೊಟ್ಟು ಆಮೇಲೆ ಸ್ತನ ತೆಗೆದರು. ರಿಪೋರ್ಟ್‌ನಲ್ಲಿ 'ನೋ ರೆಸಿಡ್ಯುಯಲ್ ಟ್ಯೂಮರ್, ವೈಪಿಟಿ0 ವೈಪಿಎನ್0' ಅಂತ ಇದೆ. ಗಡ್ಡೆಯೇ ಇಲ್ಲ ಅಂದರೆ ಸುಮ್ನೆ ಆಪರೇಷನ್ ಮಾಡಿದರಾ? ಮನೆಯಲ್ಲಿ ಆಸ್ಪತ್ರೆ ಮೇಲೆ ಜಗಳಕ್ಕೆ ಹೋಗುವ ಮಾತು ನಡೆದಿದೆ.

ಗಾಜುಪಟ್ಟಿ:
ಜಗಳಕ್ಕೆ ಹೋಗಬೇಡಿ! ಶುರುವಿನಲ್ಲಿ 'ವೈ' ಅಂತ ಇದ್ದರೆ ಮೊದಲು ಚಿಕಿತ್ಸೆ ಕೊಟ್ಟು ಆಮೇಲೆ ತೆಗೆದದ್ದು ಅಂತ ಅರ್ಥ. ಕಿಮೋಗೆ ಗಡ್ಡೆ ಪೂರ್ತಿ ಕರಗಿದೆ. ಆ ಹಂತದಲ್ಲಿ ನಾವು ಬರೆಯಬಹುದಾದ ಅತ್ಯುತ್ತಮ ಸಾಲು ಅದು. ಕರಗಿದೆ ಅಂತ ಖಚಿತವಾಗಿ ಗೊತ್ತಾಗಿದ್ದು ಆ ಜಾಗ ತೆಗೆದು, ತುಂಡು ಮಾಡಿ, ಮೈಕ್ರೋಸ್ಕೋಪ್‌ನಲ್ಲಿ ಹುಡುಕಿದ ಮೇಲೆ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಸಣ್ಣ ಗುಂಪುಗಳು ಉಳಿದಿರುವುದುಂಟು.

ತಂಗಾಳಿ:
ತಂಗಿಗೆ ಓದಿ ಹೇಳಿದೆ. ಮೊದಲ ಸಲ ನಕ್ಕಳು.

ಒಗರುಮಾತು:
ಇಷ್ಟು ಓದಿದ ಮೇಲೆ ನನಗೂ ಒಂದು ಕೇಳಬೇಕು ಅನ್ನಿಸಿತು. 'ಸಜೆಸ್ಟಿವ್ ಆಫ್', 'ಕನ್ಸಿಸ್ಟೆಂಟ್ ವಿತ್', 'ಕೆನಾಟ್ ರೂಲ್ ಔಟ್' ಅಂತೆಲ್ಲಾ ಯಾಕೆ ಬರೆಯುತ್ತೀರಿ? ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ ಅನ್ನಬಾರದಾ? ಜವಾಬ್ದಾರಿ ತಪ್ಪಿಸಿಕೊಳ್ಳುವ ಮಾತಿನ ಹಾಗೆ ಕೇಳಿಸುತ್ತದೆ.

ಗಾಜುಪಟ್ಟಿ:
ಕೆಲವೊಮ್ಮೆ ತಪ್ಪಿಸಿಕೊಳ್ಳುವುದೇ ಆಗಿರುತ್ತದೆ, ಮುಚ್ಚಿಡುವುದಿಲ್ಲ. ಆದರೆ ಬಹಳ ಸಲ ಕಾರಣ ಇರುತ್ತದೆ. ಸೂಜಿ ಬಯಾಪ್ಸಿಯಲ್ಲಿ ನಮಗೆ ಬರುವುದು ದಾರದಷ್ಟು ತೆಳುವಾದ ತುಂಡು. ಅದು ಗಡ್ಡೆಯ ಬದಿಯಿಂದ ಬಂದಿರಬಹುದು, ಜಜ್ಜಿಹೋಗಿರಬಹುದು, ಬರೀ ಸತ್ತ ಕಣಗಳಿರಬಹುದು.

'ಕನ್ಸಿಸ್ಟೆಂಟ್ ವಿತ್' ಅಂದರೆ ಕಂಡದ್ದೆಲ್ಲಾ ಆ ರೋಗಕ್ಕೆ ಹೊಂದುತ್ತದೆ. 'ಸಸ್ಪಿಷಿಯಸ್' ಅಂದರೆ ಅನುಮಾನ ಬಲವಾಗಿದೆ, ಪುರಾವೆ ಸಾಲದು. 'ಕೆನಾಟ್ ರೂಲ್ ಔಟ್' ಅಂದರೆ ಇಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ತೊಂದರೆ ಏನು ಅಂದರೆ, ಈ ಮಾತುಗಳನ್ನು ಒಬ್ಬೊಬ್ಬ ಪೆಥಾಲಜಿಸ್ಟ್ ಒಂದೊಂದು ತೂಕದಲ್ಲಿ ಬಳಸುತ್ತಾರೆ. ಆದ್ದರಿಂದ ನೆಟ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ. "ಇದನ್ನು ಬರೆದವರ ಜೊತೆ ನೀವು ಮಾತಾಡಿದ್ದೀರಾ?" ಅಂತ ನಿಮ್ಮ ಡಾಕ್ಟರನ್ನು ಕೇಳಿ. ಒಂದು ಫೋನ್ ಕಾಲ್‌ನಲ್ಲಿ ಎಷ್ಟೋ ಬಗೆಹರಿಯುತ್ತದೆ.

ಇನ್ನೊಂದು. 'ನೆಗೆಟಿವ್ ಫಾರ್ ಮಾಲಿಗ್ನೆನ್ಸಿ' (ಕ್ಯಾನ್ಸರ್ ಕಂಡಿಲ್ಲ) ಅನ್ನುವ ಮಾತು ನಮ್ಮ ಕೈಗೆ ಬಂದ ತುಂಡಿಗೆ ಮಾತ್ರ ಅನ್ವಯ. ಸ್ಕ್ಯಾನ್ ನೋಡಿದವರು ಬಲವಾಗಿ ಅನುಮಾನ ಪಟ್ಟು, ಬಯಾಪ್ಸಿ ಮಾತ್ರ ಏನೂ ಇಲ್ಲ ಅಂದರೆ, ಎರಡು ಯಾಕೆ ಹೊಂದುತ್ತಿಲ್ಲ ಅಂತ ಕೇಳಲೇಬೇಕು. ಮತ್ತೆ ಬಯಾಪ್ಸಿ ಬೇಕಾಗಬಹುದು.

ಒಗರುಮಾತು:
ನೇರ ಉತ್ತರ. ಮೆಚ್ಚಿದೆ.

ಮಳೆಬಿಲ್ಲು:
ಮೇಡಂ, ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ತೋರಿಸಬೇಕು ಅನ್ನಿಸಿದರೆ ರಿಪೋರ್ಟ್ ಕಾಪಿ ಒಯ್ದರೆ ಸಾಕಾ? ಇಲ್ಲಿನವರಿಗೆ ಬೇಜಾರಾಗಲ್ವಾ?

ಗಾಜುಪಟ್ಟಿ:
ಕಾಪಿ ಸಾಲದು. ಕಾಗದ ನೋಡಿ ಯಾರೂ ಎರಡನೇ ಅಭಿಪ್ರಾಯ ಕೊಡಲಾರರು. ಸ್ಲೈಡ್ ಮತ್ತು ಬ್ಲಾಕ್ ಬೇಕು. ಬ್ಲಾಕ್ ಅಂದರೆ ನಿಮ್ಮ ತುಂಡನ್ನು ಮೇಣದಲ್ಲಿ ಕೂರಿಸಿದ ಸಣ್ಣ ಅಚ್ಚು. ಅದರಿಂದ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳ್ಳಗೆ ಕತ್ತರಿಸಿ ಸ್ಲೈಡ್ ಮಾಡುತ್ತೇವೆ. ಹೊಸ ಪರೀಕ್ಷೆ ಬೇಕಾದರೆ ಅದೇ ಬ್ಲಾಕ್‌ನಿಂದ ಮತ್ತೆ ಕತ್ತರಿಸಬಹುದು.

ಲ್ಯಾಬ್‌ಗೆ ಹೋಗಿ "ರಿವ್ಯೂಗೆ ಸ್ಲೈಡ್, ಬ್ಲಾಕ್ ಬೇಕು" ಅಂತ ಬರೆದು ಕೊಡಿ. ಇದು ನಮಗೆ ಮಾಮೂಲಿ ಕೆಲಸ, ಬೇಜಾರಿನ ಪ್ರಶ್ನೆ ಇಲ್ಲ. ಕಷ್ಟದ ಕೇಸ್‌ಗಳನ್ನು ನಾವೇ ಇನ್ನೊಬ್ಬರಿಗೆ ಕಳಿಸುತ್ತೇವೆ. ರಿಪೋರ್ಟ್ ಮತ್ತು ಬ್ಲಾಕ್ ಮೇಲಿನ ನಂಬರ್ ಒಂದೇ ಇದೆಯಾ ಅಂತ ಕೌಂಟರ್‌ನಲ್ಲೇ ನೋಡಿಕೊಳ್ಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬ್ಲಾಕ್ ಬಿಡಬೇಡಿ, ಮೇಣ ಕರಗುತ್ತದೆ. ಆದರೆ ಫಿಶ್ ಬಾಕಿ ಇದ್ದರೆ ಅದು ಮುಗಿಯುವವರೆಗೆ ತೆಗೆದುಕೊಂಡು ಹೋಗಬೇಡಿ, ಪರೀಕ್ಷೆಗೆ ಅದೇ ಬ್ಲಾಕ್ ಬೇಕು.

ಮಳೆಬಿಲ್ಲು:
ಕೆಲಸ ಆದ ಮೇಲೆ ಬ್ಲಾಕ್ ವಾಪಸ್ ಕೊಡಬೇಕಾ, ಮನೆಯಲ್ಲೇ ಇಡಬಹುದಾ?

ಗಾಜುಪಟ್ಟಿ:
ವಾಪಸ್ ಕೊಡಿ, ಕೊಟ್ಟದ್ದಕ್ಕೆ ರಸೀದಿ ತಗೊಳ್ಳಿ. ವರ್ಷಗಳ ನಂತರ ಹೊಸ ಔಷಧಕ್ಕೆ ಪರೀಕ್ಷೆ ಬೇಕಾದರೆ ಡಾಕ್ಟರ್ ಮೊದಲು ಕೇಳುವುದೇ ಆ ಬ್ಲಾಕ್ ಎಲ್ಲಿ ಅಂತ.